ಹೊಸದಾಗಿ ಕೋಲು ಹಿಡಿಯುವವರಿಗೆ

ನಮ್ಮ ಕೋಲಾಟದ ಕ್ಲಾಸಿನ ಕಾವ್ಯಾಳಿಗೆ ಎಲ್ಲದಕ್ಕೂ ಪಟ್ಟಿ ಬೇಕು. ಬ್ಯಾಂಕಿನಲ್ಲಿ ಕೂತು ಕೂತು ಹಾಗಾಗಿದ್ದಾಳೋ, ಹುಟ್ಟಿದಾಗಿನಿಂದಲೇ ಹಾಗೋ ಗೊತ್ತಿಲ್ಲ. ಹೋದ ತಿಂಗಳು ಫೋನ್ ಮಾಡಿ, "ಟೀಚರ್, ಹೊಸಬರು ನಾಕು ಮಂದಿ ಸೇರಾಕತ್ತಾರ್ರೀ. ಕೋಲಾಟಕ್ಕ ಬರೋರಿಗೆ ಏನೇನು ಗೊತ್ತಿರಬೇಕು ಅಂತ ಒಂದು ಹತ್ತು ಪಾಯಿಂಟ್ ಬರದು ಕೊಡ್ರಿ, ಗ್ರೂಪಿಗೆ ಹಾಕ್ತೀನಿ. ಮತ್ತ ನಿಮ್ಮದೊಂದು ಹಳೇ ಕೋಲಾಟದ ಫೋಟೋ ಐತಿ ಅಂತಿದ್ರೆಲ್ಲ, ಅದನ್ನೂ ಕಳಸ್ರಿ" ಅಂದಳು.

ಪಟ್ಟಿ ಬರೆಯಲು ನನಗೆ ಒಂದು ತಿಂಗಳು ಹಿಡಿಯಿತು. ಫೋಟೋ ಮಾತ್ರ ಐದೇ ನಿಮಿಷದಲ್ಲಿ ಕಳಿಸಿದ್ದೆ. ನಾನು ಎಂಥವಳು ಎಂದು ತಿಳಿಯಲು ನಿಮಗೆ ಇಷ್ಟು ಸಾಕು.

ನಾನಿರುವುದು ಸಿಂಧನೂರಿನಲ್ಲಿ. ಹುಟ್ಟಿದ್ದು ಮಸ್ಕಿಯಿಂದ ಲಿಂಗಸುಗೂರಿಗೆ ಹೋಗುವ ದಾರಿಯಲ್ಲಿ ಎಡಕ್ಕೆ ಹೊರಳಿದರೆ ಸಿಗುವ ಒಂದು ಊರಿನಲ್ಲಿ. ಊರಿನ ಹೆಸರು ಹೇಳುವುದಿಲ್ಲ. ಇದರಲ್ಲಿ ಹೋಗುವ ಮಾನ ನನ್ನೊಬ್ಬಳದೇ ಇರಲಿ, ಊರನ್ನು ಯಾಕೆ ಎಳೆಯಬೇಕು? ಮೂವತ್ನಾಲ್ಕು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ರಿಟೈರಾದೆ. ಎಂಟರ ತನಕ ನೆಟ್ಟಗೆ ಎಣಿಸಲು ನನಗೆ ಬರುವುದಿಲ್ಲ ಎಂದು ಗೊತ್ತಾದದ್ದು ಮಾತ್ರ ಆಮೇಲೆ, ಕೋಲು ಕೈಗೆ ಬಂದಾಗ.

ಮೊಣಕಾಲಿನ ಡಾಕ್ಟರು ದಿನಾ ನಡೆಯಿರಿ ಅಂದಿದ್ದರು. ಕಾಲುವೆ ದಂಡೆಯ ಮೇಲೆ ಒಬ್ಬಳೇ ಎಷ್ಟಂತ ನಡೆಯಲಿ? ಹೋದ ಬಾರಿ ಸಿಕ್ಕ ಎಮ್ಮೆಯೇ ಈ ಬಾರಿಯೂ ಸಿಗುತ್ತಿತ್ತು. ಅಷ್ಟರಲ್ಲಿ ಯಾರೋ, ಮಸ್ಕಿಯಲ್ಲಿ ಶರಣಮ್ಮ ಅನ್ನುವವಳು ಹೆಣ್ಣುಮಕ್ಕಳಿಗೆ ಕೋಲಾಟ ಕಲಿಸುತ್ತಾಳೆ, ಪ್ರತಿ ಭಾನುವಾರ ಮಧ್ಯಾಹ್ನ, ಎಂದು ಹೇಳಿದರು. ಬಸ್ ಹತ್ತಿದೆ.

ಶರಣಮ್ಮ ಸಾಲಗುಂದದ ಮಗಳು, ಮಸ್ಕಿಗೆ ಕೊಟ್ಟಿದ್ದಾರೆ. ವಾರವೆಲ್ಲ ಕೂಲಿಗೆ ಹೋಗುತ್ತಾಳೆ, ಭತ್ತದ ನಾಟಿ, ಹತ್ತಿ ಬಿಡಿಸುವುದು, ಯಾವುದು ಸಿಕ್ಕರೆ ಅದು. ಭಾನುವಾರ ಒಂದು ದಿನ ಆಕೆ ಗುರು. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಆದರೆ ಆಕೆಯ ಎದುರು ಒಬ್ಬಳು ಬ್ಯಾಂಕಿನವಳು, ಇಬ್ಬರು ಅಂಗನವಾಡಿಯವರು, ವಳಕಮದಿನ್ನಿಯಿಂದ ಬರುವ ಅತ್ತೆ ಸೊಸೆ, ಮತ್ತು ನನ್ನಂಥ ಪಿಂಚಣಿಯವರು ಕೈಕಟ್ಟಿ ನಿಲ್ಲುತ್ತೇವೆ. ಜಾಗ ಗೊಬ್ಬರದ ಅಂಗಡಿಯ ಮೇಲಿನ ದೊಡ್ಡ ಹಾಲ್. ಕೆಳಗಿನಿಂದ ಯೂರಿಯಾದ ವಾಸನೆ, ಕಿಟಕಿಯಾಚೆ ಮಸ್ಕಿಯ ಗುಡ್ಡ.

ಕಾವ್ಯಾಳ ಪಟ್ಟಿಗೆ ಮೊದಲು ಶರಣಮ್ಮನ ಮಾತನ್ನೇ ಬರೆಯೋಣ ಅಂದುಕೊಂಡೆ. ಆಕೆ ಮೊದಲ ದಿನ ಹೇಳಿದ್ದು, "ಕಾಲು ನೋಡಬ್ಯಾಡ್ರಿ. ಕಾಲು ಎಲ್ಲಿಗೂ ಓಡಿ ಹೋಗಂಗಿಲ್ಲ. ಜೋಡಿ ಮಾರಿ ನೋಡ್ರಿ." ನಾನು ಮೂರು ವಾರ ನನ್ನ ಕಾಲನ್ನೇ ನೋಡಿದೆ. ಮೂರೂ ವಾರ ಬೆರಳಿನ ಗಂಟಿನ ಮೇಲೆ ಏಟು ತಿಂದೆ. ನಾಲ್ಕನೇ ವಾರ ಹೆದರಿಕೆಯಿಂದಲೇ ಎದುರಿನವಳ ಮುಖ ನೋಡಿದೆ. ಅಬ್ಬಾ, ಕೋಲು ತಾನಾಗಿ ಹೋಗಿ ಕೋಲಿಗೆ ತಾಗಿತು.

ಎರಡನೆಯದು, "ಕೋಲು ಹೊಡಿಯೂದಲ್ಲವ್ವ, ಕೊಡೂದು. ನೆರಿಮನಿಯಾಕಿಗೆ ಬಾಗಲದಾಗ ನಿಂತು ಮೊಸರು ಕೊಡ್ತೀರೆಲ್ಲ, ಹಂಗ." ಅಂಗನವಾಡಿಯ ಒಬ್ಬ ಅಕ್ಕ ಮಾತ್ರ ಇವತ್ತಿಗೂ ಹಾವು ಹೊಡೆದಂತೆ ಹೊಡೆಯುತ್ತಾಳೆ. ಆಕೆಗೂ ಅವರ ನೆರೆಮನೆಯವಳಿಗೂ ಮಾತಿಲ್ಲ ಎಂದು ಆಮೇಲೆ ಗೊತ್ತಾಯಿತು.

ಬಳೆಯ ತಕರಾರು ಬೇರೆ. ಗಾಜಿನ ಬಳೆ ಒಡೆದು ಕೈ ಕುಯ್ಯುತ್ತದೆ, ತೆಗೆದಿಡಿ ಅಂದರೆ ಮುತ್ತೈದೆಯರು ಒಪ್ಪುವುದಿಲ್ಲ. ಅದಕ್ಕೆ ಶರಣಮ್ಮ ಎಲ್ಲರಿಗೂ ಬಳೆಯ ಮೇಲೆ ಕರವಸ್ತ್ರ ಸುತ್ತಿಸುತ್ತಾಳೆ. ಕರವಸ್ತ್ರ ಕಟ್ಟಿಕೊಂಡು ನಿಂತ ನಮ್ಮ ಸಾಲು ನೋಡಿ, ಕೆಳಗೆ ಗೊಬ್ಬರ ಒಯ್ಯಲು ಬಂದಿದ್ದ ಒಬ್ಬ ಮುದುಕ, "ಏನ್ರವ್ವ, ಎಲ್ರಿಗೂ ಒಮ್ಮೆಗೇ ಕೈ ಮುರದಾವೇನು?" ಅಂದಿದ್ದ.

ಇನ್ನು, ಜೋಡಿಗೆ ಪಾಠ ಹೇಳಬಾರದು. ಇದು ನನಗಾಗಿಯೇ ಹುಟ್ಟಿದ ನಿಯಮ. ಮೂವತ್ನಾಲ್ಕು ವರ್ಷದ ಚಟ ನೋಡಿ, ನನ್ನ ಎದುರಿಗೆ ಯಾರು ಬಂದರೂ "ನಿನ್ನ ಎಡಗಾಲು ತಡ ಆತು", "ಇನ್ನೊಮ್ಮೆ ಎಣಸು" ಎಂದು ಬಾಯಿ ತಾನೇ ಹೇಳುತ್ತಿತ್ತು. ಒಂದು ದಿನ ಶರಣಮ್ಮ ತಾಳ ನಿಲ್ಲಿಸಿ, "ಟೀಚರ್, ನಿಮ್ಮ ಬಾಯಿ ಹೊರಗ ಚಪ್ಪಲಿ ಬಾಜೂಕ ಬಿಟ್ಟು ಬರ್ರಿ" ಅಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ, ಸ್ವಲ್ಪ ತಡವಾಗಿ.

ಹಾಗೆಯೇ ಆಟದಲ್ಲಿ ಯಾರೂ ಯಾರಿಗೂ ರೀ ಹಚ್ಚಬಾರದು. ನಾಲ್ಕು ಸುತ್ತಿಗೊಮ್ಮೆ ಜೋಡಿ ಬದಲಾಗುತ್ತದೆ. ಸೊಸೆಯ ಎದುರು ಅತ್ತೆ ಬರಬಹುದು, ಕೂಲಿಯವಳ ಎದುರು ಮೇಡಂ. "ಬರ್ರಿ, ಸರೀರ್ರಿ ಅನ್ನೂದರಾಗ ತಾಳ ಮುಂದ ಹೋಗಿರತೈತಿ. ಬಾ ಅಂದ್ರ ಬಾ, ಸರಿ ಅಂದ್ರ ಸರಿ" ಎಂದು ಶರಣಮ್ಮನ ಹುಕುಂ. ಎಲ್ಲರಿಗೂ ರೂಢಿಯಾಯಿತು, ಒಬ್ಬಳನ್ನು ಬಿಟ್ಟು.

ಆ ಒಬ್ಬಳು ನಾಗಮ್ಮ. ನಾನು ಸೇರಿ ಒಂದು ತಿಂಗಳಾದ ಮೇಲೆ ಲಿಂಗಸುಗೂರಿನ ಬಸ್ಸಿನಿಂದ ಇಳಿದು ಬಂದಳು. ಇಸ್ತ್ರಿ ಮಾಡಿದ ಕಾಟನ್ ಸೀರೆ, ಕೈಯಲ್ಲಿ ಗಡಿಯಾರ, ನೆಟ್ಟಗಿನ ಬೆನ್ನು. ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್ ಆಗಿ ರಿಟೈರಾದವಳು. ಬಾಗಿಲಲ್ಲೇ ನಿಂತು ನನ್ನನ್ನು ಒಂದು ಗಳಿಗೆ ನೋಡಿ, "ಗೌಡ್ರ ಸುಭದ್ರವ್ವಾರಲ್ರೀ ನೀವು?" ಅಂದಳು.

"ನಾಗೀ!" ಅಂದೆ. ತಕ್ಷಣ ನಾಲಿಗೆ ಕಚ್ಚಿಕೊಂಡು, "ನಾಗಮ್ಮ... ಆರಾಮದೀರಿ?" ಅಂದೆ.

ಒಂದೇ ಊರು, ಒಂದೇ ಶಾಲೆ, ಒಂದೇ ಕ್ಲಾಸು. ಮನೆ ಮಾತ್ರ ನಮ್ಮದು ಗುಡಿಯ ಮುಂದೆ, ಅವರದು ಊರಾಚೆಯ ಕೇರಿಯಲ್ಲಿ. ಏಳನೇ ಕ್ಲಾಸು ಮುಗಿದ ಮೇಲೆ ಆಕೆ ಹಾಸ್ಟೆಲಿಗೆ ಹೋದಳು. ಆಮೇಲೆ ನಾವು ಮಾತಾಡಿರಲೇ ಇಲ್ಲ. ಶರಣಮ್ಮ ನಮ್ಮಿಬ್ಬರ ಎತ್ತರ ನೋಡಿ, "ಜಡೀ ಕೋಲಾಟಕ್ಕ ನೀವಿಬ್ರೂ ಜೋಡಿ" ಎಂದು ಕೈ ತೋರಿಸಿದಳು. ಆರು ತಿಂಗಳು ಜೋಡಿಯಾಗಿ ಆಡಿದೆವು. ಆರು ತಿಂಗಳೂ ಆಕೆ ನನಗೆ, "ಬರ್ರಿ ಟೀಚರ್, ಸರೀರ್ರಿ ಟೀಚರ್". ಹಳೆಯ ಮಾತು ಒಂದೂ ಎತ್ತಲಿಲ್ಲ. ಮರೆತಿರಬೇಕು ಅಂದುಕೊಂಡೆ. ಮರೆತಿದ್ದರೆ ಒಳ್ಳೆಯದು ಅಂದುಕೊಂಡೆ ಅನ್ನುವುದು ಖರೇ.

ಜಡೆ ಕೋಲಾಟ ನೋಡಿರದವರಿಗೆ ಎರಡು ಮಾತು ಹೇಳಬೇಕು. ಮೇಲೆ ಮರದ ಕೊಂಬೆಗೋ ತೊಲೆಗೋ ಎಂಟು ಹಗ್ಗ ಕಟ್ಟಿರುತ್ತಾರೆ. ಎಂಟು ಮಂದಿ ಎಡಗೈಯಲ್ಲಿ ಒಂದೊಂದು ಹಗ್ಗ, ಬಲಗೈಯಲ್ಲಿ ಒಂದೊಂದು ಕೋಲು ಹಿಡಿಯುತ್ತಾರೆ. ನಾಲ್ವರು ಈ ಕಡೆಯಿಂದ, ನಾಲ್ವರು ಆ ಕಡೆಯಿಂದ ಸುತ್ತುತ್ತಾರೆ. ಎದುರು ಬಂದವಳ ಕೋಲಿಗೆ ಕೋಲು ಕೊಟ್ಟು ಒಮ್ಮೆ ಆಕೆಯ ಒಳಗಿನಿಂದ, ಮುಂದಿನವಳ ಹೊರಗಿನಿಂದ ದಾಟಬೇಕು. ಹಾಗೆ ದಾಟುತ್ತ ಹೋದರೆ ಮೇಲಿನಿಂದ ಜಡೆ ಹೆಣೆಯುತ್ತ ಇಳಿಯುತ್ತದೆ. ಆಮೇಲೆ ಎಲ್ಲರೂ ತಿರುಗಿ ಅದೇ ಹೆಜ್ಜೆಯನ್ನು ಹಿಂದುಮುಂದಾಗಿ ಹಾಕಿದರೆ ಜಡೆ ಬಿಚ್ಚಿಕೊಂಡು ಹಗ್ಗಗಳು ಮತ್ತೆ ಎಂಟಾಗುತ್ತವೆ. ನೋಡುವವರು ಚಪ್ಪಾಳೆ ತಟ್ಟುವುದು ಬಿಚ್ಚಿದಾಗ.

ನಮ್ಮೂರಲ್ಲಿ ಹಗ್ಗದ ಬದಲು ಸೀರೆ ಕಟ್ಟುತ್ತಿದ್ದರು. ಆಡುವ ಒಬ್ಬೊಬ್ಬ ಹುಡುಗಿಯ ಮನೆಯಿಂದ ಒಂದೊಂದು ಸೀರೆ ಬರಬೇಕು, ಅದನ್ನು ಉದ್ದಕ್ಕೆ ಹುರಿಮಾಡಿ ಕಟ್ಟಬೇಕು. ಆಟ ಮುಗಿದ ಮೇಲೆ ಬಿಚ್ಚಿ, ಒಗೆದು, ಮಡಚಿ ಅವರವರ ಮನೆಗೆ. ಆದ್ದರಿಂದ ಜಡೆ ಬಿಚ್ಚಲೇಬೇಕಿತ್ತು. ಕಲಿಸುತ್ತಿದ್ದ ಹನುಮಂತಜ್ಜ ದಿನಾ ಒಂದು ಮಾತು ಹೇಳುತ್ತಿದ್ದ. "ಹೆಣಿಯೂದು ಯಾರಿಗರ ಬರತೈತಿ. ನಡುವ ಯಾರರ ತಪ್ಪಿದ್ರ, ಬಿಚ್ಚುವಾಗ ಆಕೀನ ಬಂದು ಆ ತಪ್ಪು ಹೆಜ್ಜೀನ ಹಿಂದಕ್ಕ ಹಾಕಬೇಕು. ಉಳದವ್ರು ಎಷ್ಟ ಬರೋಬ್ಬರಿ ಕುಣದ್ರೂ ಅದು ಬಿಚ್ಚಂಗಿಲ್ಲ."

ಏಳನೇ ಕ್ಲಾಸಿನಲ್ಲಿ ಶಾಲೆಯ ಗ್ಯಾದರಿಂಗಿಗೆ, ಅಂದರೆ ವಾರ್ಷಿಕೋತ್ಸವಕ್ಕೆ, ನಾವು ಎಂಟು ಹುಡುಗಿಯರು ಒಂದು ತಿಂಗಳು ಕಲಿತೆವು. ಇನ್ನು ಐದು ದಿನ ಇದೆ ಅನ್ನುವಾಗ ನನ್ನ ಜೋಡಿಯವಳಿಗೆ ಜ್ವರ ಬಂತು. ಹೆಡ್‌ಮಾಸ್ತರರು ನಾಗಿಯನ್ನು ತಂದು ನಿಲ್ಲಿಸಿದರು. ಊರಲ್ಲಿ ಗುಸುಗುಸು ಎದ್ದಿತು. ಕೊನೆಗೆ ನಮ್ಮಪ್ಪನೇ, "ಕೋಲಿಗೆ ಕೋಲು ತಾಗತೈತಿ, ಕೈಗೆ ಕೈ ತಾಗಂಗಿಲ್ಲಲ್ಲ. ನಡೀಲಿ ಬಿಡ್ರಿ" ಅಂದ. ಹಾಗೆ ಅಂದದ್ದಕ್ಕೆ ಅಪ್ಪನನ್ನು ಎಲ್ಲರೂ ದೊಡ್ಡ ಮನಸ್ಸಿನವನು ಎಂದು ಹೊಗಳಿದರು. ನಾನೂ ಹಾಗೇ ತಿಳಿದಿದ್ದೆ, ಬಹಳ ವರ್ಷ.

ನಾನು ಒಂದು ತಿಂಗಳಲ್ಲಿ ಕಲಿಯದ್ದನ್ನು ನಾಗಿ ಐದು ದಿನದಲ್ಲಿ ಕಲಿತಳು. ಅಷ್ಟೇ ಅಲ್ಲ, ನನಗೆ ಲೆಕ್ಕ ತಪ್ಪುತ್ತದೆ ಎಂದು ಗೊತ್ತಾಗಿ, ಎದುರು ಬಂದಾಗಲೆಲ್ಲ ಯಾರಿಗೂ ಕೇಳದಂತೆ, "ಒಳಗ್ರೀ... ಹೊರಗ್ರೀ..." ಎಂದು ಹೇಳಿಕೊಡುತ್ತಿದ್ದಳು. ಹದಿಮೂರು ವರ್ಷದ ಹುಡುಗಿ, ಹದಿಮೂರು ವರ್ಷದ ನನಗೆ ರೀ ಅನ್ನುತ್ತಿದ್ದಳು. ಅದು ನನಗೆ ವಿಚಿತ್ರ ಅನಿಸಿರಲೇ ಇಲ್ಲ ನೋಡಿ.

ಆ ದಿನ ಶಾಲೆಯ ಮುಂದಿನ ಬೇವಿನ ಮರಕ್ಕೆ ಎಂಟು ಸೀರೆ. ನಮ್ಮ ಮನೆಯದು ಟ್ರಂಕಿನಿಂದ ತೆಗೆದ ಹಸಿರು ಸೀರೆ. ನಾಗಿ ತಂದದ್ದು ಅವರವ್ವನ ಮದುವೆಯ ಕೆಂಪು ಸೀರೆ. ಆ ಮನೆಯಲ್ಲಿ ಹೊರಗೆ ತರುವಂಥದ್ದು ಅದೊಂದೇ ಇತ್ತು. ಮುಂದಿನ ಸಾಲಿನ ಕುರ್ಚಿಯಲ್ಲಿ ನಮ್ಮಪ್ಪ. ಅಪ್ಪನ ಬಾಜೂಕೆ, ನನ್ನ ಫೋಟೋ ತೆಗೆಯಲೆಂದೇ ಮಸ್ಕಿಯಿಂದ ಕರೆಸಿದ ಫೋಟೋದವನು, ಮುಕ್ಕಾಲಿಯ ಮೇಲೆ ಕ್ಯಾಮೆರಾ ಇಟ್ಟುಕೊಂಡು. ನನ್ನ ಹೆಜ್ಜೆಗಿಂತ ನನ್ನ ಜಡೆಯ ರಿಬ್ಬನ್ನಿನ ಮೇಲೆಯೇ ನನಗೆ ಹೆಚ್ಚು ನಿಗಾ ಇತ್ತು.

ಅರ್ಧ ಜಡೆ ಇಳಿದಿತ್ತು. ಕ್ಯಾಮೆರಾದ ಮುಂದೆ ಬರುವ ಹೊತ್ತಿಗೆ ಎದುರಿನಿಂದ ನಾಗಿ ಬಂದಳು. "ಒಳಗ್ರೀ" ಅಂದಳು. ಕೇಳಿಸಿತು. ಚೆನ್ನಾಗಿ ಕೇಳಿಸಿತು. ಆದರೆ ಒಳಗೆ ಹೋದರೆ ನಾಗಿ ನನ್ನ ಮುಂದೆ ದಾಟುತ್ತಾಳೆ, ಫೋಟೋದಲ್ಲಿ ಆಕೆ ಬರುತ್ತಾಳೆ, ನನ್ನ ಮುಖ ಆಕೆಯ ಹಿಂದೆ ಮುಚ್ಚಿ ಹೋಗುತ್ತದೆ. ಒಂದೇ ಹೆಜ್ಜೆ, ಏನಾಗತೈತಿ ಅಂದುಕೊಂಡೆ. ಬೇಕೆಂದೇ ಹೊರಗೆ ಹೋದೆ. ಫೋಟೋದವನು ಒತ್ತಿದ. ನಾನು ನಕ್ಕೆ.

ಆಮೇಲೆ ಹನುಮಂತಜ್ಜ "ತಿರುಗ್ರೀ!" ಎಂದು ಕೂಗಿದ. ತಿರುಗಿದೆವು. ಬಿಚ್ಚುತ್ತ ಬಿಚ್ಚುತ್ತ ಬಂದ ಜಡೆ ಅರ್ಧಕ್ಕೆ ಗಕ್ಕನೆ ನಿಂತಿತು. ಎಳೆದಷ್ಟೂ ಬಿಗಿಯಿತು. ಹಸಿರಿಗೆ ಕೆಂಪು ಸಿಕ್ಕಿಕೊಂಡು ಗಂಟಾಗಿತ್ತು. ಜನ ನಗಲು ಶುರುಮಾಡಿದರು.

ಹನುಮಂತಜ್ಜ ತಾಳ ಕೆಳಗಿಟ್ಟು ನಮ್ಮ ನಡುವೆ ಬಂದು ನಿಂತ. "ಯಾರ ಹೆಜ್ಜಿ ತಪ್ಪೇತಿ, ಹೇಳ್ರಿ. ನಾ ಬೈಯಂಗಿಲ್ಲ, ಬಡಿಯಂಗಿಲ್ಲ. ಎಲ್ಲಿ ತಪ್ಪೇತಿ ಅಂತ ಹೇಳಿದ್ರ ಸಾಕು, ಈಗಿಂದೀಗ ಬಿಚ್ಚತೈತಿ."

ಹಿಂದಿನಿಂದ ಯಾರೋ, "ಹೊಸಾಕಿ ಇದ್ದಾಳಲ್ಲ, ಮತ್ಯಾರು ತಪ್ತಾರ?" ಅಂದರು. ಹನುಮಂತಜ್ಜ ನಾಗಿಯ ಕಡೆ ಹೊರಳಿ, "ನೀನೇನವ್ವ?" ಅಂದ. ನಾಗಿ ನನ್ನನ್ನು ನೋಡಿದಳು, ಅಷ್ಟೇ. ನಾನು ಬೇವಿನ ಬೊಡ್ಡೆಯ ಮೇಲೆ ಹತ್ತುತ್ತಿದ್ದ ಇರುವೆ ಸಾಲು ನೋಡಿದೆ. ಅಪ್ಪ ಮುಂದೆ ಕೂತಿದ್ದ. ನಾನು ತಪ್ಪಿದೆ ಅಂದರೆ ಎಷ್ಟು ಅವಮಾನ ಅನಿಸಿತು. ಬಾಯಿ ತೆರೆಯಲಿಲ್ಲ.

ಬಹಳ ಹೊತ್ತು ಒದ್ದಾಡಿ, ಕೊನೆಗೆ ಕತ್ತರಿಸುವುದೆಂದಾಯಿತು. "ಗೌಡ್ರ ಮನಿ ಸೀರಿ ಮುಟ್ಟಬ್ಯಾಡ್ರಿ, ಕೆಂಪಂದು ಕೊಯ್ರಿ" ಎಂದಿತು ಯಾವುದೋ ದನಿ. ಕುಡಗೋಲು ಬಂತು. ಕೆಂಪು ಸೀರೆ ಎರಡು ತುಂಡಾಯಿತು. ನಾಗಿ ಎರಡನ್ನೂ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಕೇರಿಯ ದಾರಿ ಹಿಡಿದಳು. ಹನುಮಂತಜ್ಜ ಆಮೇಲೆ ಸಾಯುವ ತನಕ ನಮ್ಮೂರಲ್ಲಿ ಜಡೆ ಕಟ್ಟಲಿಲ್ಲ.

ಫೋಟೋ ಮಾತ್ರ ಚಂದ ಬಂದಿತ್ತು. ಚೌಕಟ್ಟು ಹಾಕಿಸಿ ಅಪ್ಪ ಗೋಡೆಗೆ ಹಾಕಿದ. ಮದುವೆಯಾದ ಮೇಲೆ ನಾನು ಅದನ್ನು ಸಿಂಧನೂರಿಗೆ ತಂದೆ. ಬಂದವರಿಗೆಲ್ಲ ತೋರಿಸಿದೆ. ಎಷ್ಟೋ ಸಲ ತೋರಿಸಿ ತೋರಿಸಿ ಆ ದಿನ ಏನಾಯಿತು ಅನ್ನುವುದು ಫೋಟೋದ ಹಿಂದೆ ಸರಿದುಹೋಗಿತ್ತು. ಹಾಗಿಲ್ಲದಿದ್ದರೆ ನಾಗಮ್ಮ ಇರುವ ಗ್ರೂಪಿಗೆ ಅದನ್ನೇ ಕಳಿಸುವಷ್ಟು ಹುಚ್ಚಿ ನಾನಲ್ಲ. ಅಥವಾ ಅಷ್ಟು ಹುಚ್ಚಿಯೇ ಇರಬೇಕು.

ಮರು ಭಾನುವಾರ ಕ್ಲಾಸಿಗೆ ಹೋದರೆ ಎಲ್ಲರ ಬಾಯಲ್ಲೂ ಅದೇ. "ಎಷ್ಟ ಚಂದ ಇದ್ರೀ ಟೀಚರ್!" ಹಿಗ್ಗಿ ಹೀರೆಕಾಯಿಯಾದೆ. ನಾಗಮ್ಮ ಕಿಟಕಿಯ ಹತ್ತಿರ ಒಬ್ಬಳೇ ನಿಂತಿದ್ದಳು. ಕೈ ಮಾಡಿ ಕರೆದಳು. ಫೋನಿನಲ್ಲಿ ಅದೇ ಫೋಟೋ. ಎರಡು ಬೆರಳಿಂದ ದೊಡ್ಡದು ಮಾಡಿ ನನ್ನ ಮುಂದೆ ಹಿಡಿದಳು. ನಗುತ್ತಿರುವ ನಾನು. ನನ್ನ ಭುಜದ ಹಿಂದೆ ಅರ್ಧ ಮುಖ, ಒಂದು ಕಣ್ಣು, ಕೋಲು ಹಿಡಿದ ಒಂದು ಕೈ. ನಾಗಿ.

"ಟೀಚರ್, ಮ್ಯಾಲ ನೋಡ್ರಿ. ನಿಮ್ಮ ಸೀರಿ ನಮ್ಮ ಸೀರಿ ಮ್ಯಾಲ ಹಾದು ಹೋಗೇತಿ. ಕೆಳಗ ಹೋಗಬೇಕಿತ್ತು."

ಐವತ್ತು ವರ್ಷ ಹತ್ತಿರ ಬಂತು ಆ ಫೋಟೋ ನೋಡುತ್ತ. ಸೀರೆಗಳನ್ನು ನಾನು ಒಮ್ಮೆಯೂ ನೋಡಿರಲಿಲ್ಲ. ನನ್ನ ಮುಖ ಬಿಟ್ಟು ಬೇರೆ ಏನನ್ನೂ ನೋಡಿರಲಿಲ್ಲ.

ನಾಗಮ್ಮ ಫೋನು ಕೆಳಗಿಳಿಸಿದಳು. "ನೀ ಬೇಕಂತ ಹೋದಿ" ಅಂದಳು.

ಆಕೆ ನನಗೆ ನೀ ಅಂದದ್ದು ಅದೇ ಮೊದಲು. ಶರಣಮ್ಮನ ಹುಕುಂ ಆರು ತಿಂಗಳಲ್ಲಿ ಮಾಡಿಸದ್ದನ್ನು ಫೋಟೋ ಮಾಡಿಸಿತು.

"ಹೌದು" ಅಂದೆ. "ನಿನಗ ಅವತ್ತ ಗೊತ್ತಿತ್ತೇನು?"

"ಜೋಡಿಗೆ ಗೊತ್ತಾಗಂಗಿಲ್ಲೇನು?"

"ಮತ್ತ ಯಾಕ ಹೇಳಲಿಲ್ಲ ನಾಗಮ್ಮ?"

"ಹೇಳಿದ್ರ ಯಾರು ನಂಬ್ತಿದ್ರು? ನಿಮ್ಮಪ್ಪ ಮುಂದ ಕುಂತಿದ್ದ. ನೀ ಹೇಳ್ತಿ ಅಂತ ನಿನ್ನ ಮಾರಿ ನೋಡಿದೆ. ನೀ ಇರುವಿ ನೋಡಿದಿ."

ಇರುವೆ ನೋಡಿದ್ದೂ ಆಕೆಗೆ ನೆನಪಿತ್ತು. ನನಗೆ ಕಣ್ಣು ತುಂಬಿ ಬಂತು. ನಾಚಿಕೆಯಾಯಿತು. "ತಪ್ಪಾತು ನಾಗಮ್ಮ. ಮಾಫ್ ಮಾಡು" ಅಂದೆ.

"ನನಗ ಹೇಳಿ ಏನ್ ಮಾಡ್ತಿ? ನನಗ ಅವತ್ತ ಗೊತ್ತಿತ್ತಲ್ಲ. ಗೊತ್ತಿಲ್ಲದ್ದು ನಮ್ಮವ್ವಗ. ಆ ಸಂಜಿ ತುಂಡು ಸೀರಿ ತಂದಿದ್ದು ನೋಡಿ ಗಿಡದ ಹಸಿ ಬರಲ ಮುರಕೊಂಡು ಬಡದ್ಳು. ನಾ ತಪ್ಪಿಲ್ಲಬೇ, ಗೌಡ್ರ ಹುಡುಗಿ ತಪ್ಪಿದ್ಲು ಅಂದೆ. ಸುಳ್ಳ ಬ್ಯಾರೆ ಹೇಳ್ತಿ ಏನು ಅಂತ ಇನ್ನಷ್ಟ ಬಡದ್ಳು. ನಾ ನರ್ಸ್ ಆದೆ, ಅರ್ಧ ಲಿಂಗಸುಗೂರಿಗೆ ಸೂಜಿ ಚುಚ್ಚಿದೆ, ಹೆರಿಗಿ ಮಾಡಿಸಿದೆ. ಇವತ್ತಿಗೂ ಮನ್ಯಾಗ ಒಂದು ಕಪ್ಪು ಒಡದ್ರ ಅವ್ವ, ಈಕಿ ಕೈ ಮೊದಲಿಂದ ನೆಟ್ಟಗಿಲ್ಲ, ನನ್ನ ಮದಿವಿ ಸೀರಿ ಕೆಡಿಸಿದಾಕಿ ಅಂತಾಳ. ಎಂಬತ್ತಾರು ಆಗ್ಯಾವ ಆಕಿಗೆ. ಆಕಿಗೆ ಬಂದು ಹೇಳು."

"ಬರ್ತೀನಿ" ಅಂದೆ.

"ಸೀರಿ ಗೀರಿ ತರಬ್ಯಾಡ ಮತ್ತ. ಸೀರಿ ಆಕಿ ಮಗಳು ಬೇಕಾದಷ್ಟು ತಂದಾಳ."

ನಾನು ಆಗಲೇ ಮನಸ್ಸಿನಲ್ಲಿ ಕೆಂಪು ಸೀರೆಯ ಅಂಗಡಿ ಹೊಕ್ಕಿದ್ದೆ. ಆಕೆಗೆ ಅದೂ ಗೊತ್ತಾಯಿತು. ಜೋಡಿ ಅಂದರೆ ಹೀಗೆ, ಏನನ್ನೂ ಮುಚ್ಚಿಡಲು ಬರುವುದಿಲ್ಲ.

ಬರ್ತೀನಿ ಅಂದವಳು ಕೂಡಲೇ ಹೋದೆನೇ? ಮೊದಲ ವಾರ ಮೊಣಕಾಲು ನೋವು ಅಂದೆ. ಎರಡನೆಯ ವಾರ ಯಾರದೋ ಮದುವೆ, ಹೋಗದಿದ್ದರೂ ನಡೆಯುವಂಥದ್ದು. ಮೂರನೆಯ ವಾರ ಬಿಸಿಲು ಅಂದೆ, ಸಿಂಧನೂರಿನಲ್ಲಿ ಹುಟ್ಟಿದ ಕೂಸಿಗೂ ರೂಢಿಯಿರುವ ಬಿಸಿಲು. ಕ್ಲಾಸಿನಲ್ಲಿ ನಾಗಮ್ಮ ಏನೂ ಕೇಳಲಿಲ್ಲ. ಕೋಲು ಕೊಡುತ್ತಿದ್ದಳು, ದಾಟುತ್ತಿದ್ದಳು, ಅಷ್ಟೇ. ಮತ್ತೆ ರೀ ಹಚ್ಚಲು ಶುರುಮಾಡಿದ್ದಳು. ಆ "ಬರ್ರಿ ಟೀಚರ್" ಕೇಳಿದಾಗಲೆಲ್ಲ ಬೆರಳ ಗಂಟಿಗೆ ಏಟು ಬಿದ್ದಂತಾಗುತ್ತಿತ್ತು.

ಮನೆಯವರಿಗೆ ಎಲ್ಲಾ ಹೇಳಿದೆ. ಅವರು ಪೇಪರ್ ಮಡಚಿ ನನ್ನ ಮುಖ ನೋಡಿ, "ಶಾಲ್ಯಾಗ ಕಿಟಕಿ ಗಾಜು ಒಡದ್ರ, ಯಾರು ಒಡದ್ರಿ, ಖರೇ ಹೇಳಿದ್ರ ಬಿಡ್ತೀನಿ ಅಂತಿದ್ದಿಯಲ್ಲ? ಸುಮ್ಮನಿದ್ದವ್ರನ್ನ ಬೆಂಚಿನ ಮ್ಯಾಲ ನಿಲ್ಲಸ್ತಿದ್ದಿ. ಈಗ ನಿನ್ನ ಪಾಳಿ, ಏಳು" ಅಂದರು. ಸಿಟ್ಟು ಬಂತು. ಆದರೆ ಎದ್ದೆ.

ಲಿಂಗಸುಗೂರಿನ ಬಸ್ಸು ನಮ್ಮೂರಿನ ತಿರುವು ದಾಟಿಯೇ ಹೋಗಬೇಕು. ದಾರಿಯುದ್ದಕ್ಕೂ ಮಾತು ಜೋಡಿಸಿದೆ. ಮುದುಕಿಯ ಪಕ್ಕ ಕೂತು, ಕೈ ಹಿಡಿದು, ಮೆಲ್ಲಗೆ, ಆಕೆಗಷ್ಟೇ ಕೇಳುವಂತೆ ಹೇಳುವುದು. ಹಿಂದೆ ಆದದ್ದು, ಚಿಕ್ಕ ವಯಸ್ಸು, ಮನಸ್ಸಿಗೆ ಹಚ್ಚಿಕೊಳ್ಳಬೇಡ ಯವ್ವಾ ಎಂದು ಮುಗಿಸುವುದು. ಚಂದದ ಮಾತುಗಳು. ಇಳಿಯುವ ಹೊತ್ತಿಗೆ ನನಗೇ ನನ್ನ ಮೇಲೆ ಸ್ವಲ್ಪ ಗೌರವ ಹುಟ್ಟಿತ್ತು.

ನಾಗಮ್ಮನ ಮನೆ ಒಂದು ಓಣಿಯಲ್ಲಿ. ಅಚ್ಚುಕಟ್ಟಾದ ಆರ್‌ಸಿಸಿ ಮನೆ, ಒಳಗೆ ಗೋಡೆಯ ಮೇಲೆ ಬುದ್ಧನ ಪಟ, ಹೊರಗೆ ಕಟ್ಟೆ. ಕಟ್ಟೆಯ ಮೇಲೆ ನಾಗಮ್ಮನ ಅವ್ವ ದುರ್ಗಮ್ಮ ಬಿಸಿಲಿಗೆ ಮೈಯೊಡ್ಡಿ ಕೂತಿದ್ದಳು. ಒಣಗಿದ ಮೈ, ಬಿಳಿ ಪೊರೆ ಬಂದ ಕಣ್ಣು. ಎದುರಿನ ಮನೆಯಲ್ಲಿ ಇಬ್ಬರು ಹೆಂಗಸರು ಶೇಂಗಾ ಸುಲಿಯುತ್ತಿದ್ದರು. ಮೂಲೆಯಲ್ಲಿ ಒಬ್ಬ ಬೈಕು ಬಿಚ್ಚಿಕೊಂಡು ಕೂತಿದ್ದ. ನಾನು ಮುದುಕಿಯ ಪಕ್ಕ ಕೂತು ಮೆಲ್ಲಗೆ, "ಯವ್ವಾ, ನಾ ಗೌಡ್ರ ಸುಭದ್ರಾ" ಅಂದೆ.

"ಆಂ?"

ನಾಗಮ್ಮ ಬಾಗಿಲಲ್ಲಿ ಚಹಾದ ಕಪ್ಪು ಹಿಡಿದು ನಿಂತಿದ್ದಳು. "ಆಕಿಗೆ ಕಿವಿ ಕೇಳಂಗಿಲ್ಲ. ಒದರಬೇಕು" ಅಂದಳು. ಕಪ್ಪು ನನ್ನ ಮುಂದಿಟ್ಟು ಒಳಗೆ ಹೋಗಲಿಲ್ಲ, ಅಲ್ಲೇ ನಿಂತಳು.

"ನಾ ಗೌಡ್ರ ಮಗಳು!" ಎಂದು ಕೂಗಿದೆ. ಶೇಂಗಾದವರು ತಲೆ ಎತ್ತಿದರು.

"ಯಾಕ ಬಂದೀಯವ್ವ?"

"ಅವತ್ತ ಜಡೀ ಕೋಲಾಟದಾಗ... ತಪ್ಪಿದಾಕಿ ನಾನು!"

"ಯಾರು ತಪ್ಪ್ಯಾರ?"

"ನಾನು! ನಾನು ತಪ್ಪಿದೆ! ನಾಗಮ್ಮ ತಪ್ಪಿಲ್ಲ!" ಬೈಕಿನವನು ಸ್ಪ್ಯಾನರ್ ಕೆಳಗಿಟ್ಟ. "ಬೇಕಂತ ತಪ್ಪಿದೆ! ಫೋಟೋದಾಗ ನಾ ಬರಬೇಕಂತ! ಕೇಳಿದ್ರ ಹೇಳಲಿಲ್ಲ! ನಿಮ್ಮ ಸೀರಿ ಕೊಯ್ದಿದ್ದು ನನ್ನಿಂದ!"

ಬಸ್ಸಿನಲ್ಲಿ ಜೋಡಿಸಿಕೊಂಡ ಚಂದದ ಮಾತು ಒಂದೂ ಉಪಯೋಗಕ್ಕೆ ಬರಲಿಲ್ಲ. ಚಿಕ್ಕ ವಯಸ್ಸು, ಹಿಂದಿನ ಮಾತು ಅನ್ನುವುದನ್ನೆಲ್ಲ ಒದರಿ ಹೇಳಲು ಬರುವುದಿಲ್ಲ. ಒದರುವಾಗ ಖರೇ ಇದ್ದಷ್ಟೇ ಬಾಯಿಂದ ಬರುತ್ತದೆ. ಓಣಿಯ ಬಾಗಿಲುಗಳಲ್ಲಿ ಒಬ್ಬೊಬ್ಬರೇ ಬಂದು ನಿಂತಿದ್ದರು. ಊರಿನ ಮುಂದೆ ಹೇಳದ್ದನ್ನು ಓಣಿಯ ಮುಂದೆ ಹೇಳಿದಂತಾಯಿತು.

ಕೇಳಿಸಿತೋ ಇಲ್ಲವೋ ಎಂದು ನಾನು ಮತ್ತೆ ಬಾಯಿ ತೆರೆದೆ. ದುರ್ಗಮ್ಮ ಕೈ ಎತ್ತಿ ತಡೆದಳು.

"ನಾಗೀ" ಎಂದು ಕರೆದಳು. ನಾಗಮ್ಮ ಬಂದು ಕಟ್ಟೆಯ ಕೆಳಗೆ ಕೂತಳು. ಅವ್ವ ಮಗಳ ಬೆನ್ನು ತಡವಿದಳು. ಭುಜದಿಂದ ಕೆಳಗೆ, ಮತ್ತೆ ಮೇಲೆ, ಯಾವುದೋ ಜಾಗ ಹುಡುಕುವವಳಂತೆ ತಡವುತ್ತಲೇ ಇದ್ದಳು. "ನೀ ಹೇಳಿದ್ದಿ" ಅಂದಳು. "ನಾ ಕೇಳಲಿಲ್ಲ. ಬಡದೆ ನೋಡು ಸುಮ್ನ."

"ಬಿಡಬೇ ಯವ್ವಾ, ಯಾವಾಗಿಂದೋ ಅದು" ಅಂದಳು ನಾಗಮ್ಮ. ಅಂದವಳೇ ಅವ್ವನ ಮೊಣಕಾಲಿಗೆ ಹಣೆ ಹಚ್ಚಿ ಅತ್ತಳು. ಹೆರಿಗೆ, ಸಾವು ಎಷ್ಟೋ ಕಂಡ ಹೆಂಗಸು, ಹದಿಮೂರು ವರ್ಷದ ಹುಡುಗಿಯ ಹಾಗೆ ಅತ್ತಳು.

ನಾನು ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಇರುವೆಯನ್ನಂತೂ ನೋಡಲಿಲ್ಲ. ಅವರಿಬ್ಬರ ಮುಖವನ್ನೇ ನೋಡಿದೆ.

ಸ್ವಲ್ಪ ಹೊತ್ತಾದ ಮೇಲೆ ಮುದುಕಿ ಆ ಪೊರೆಗಣ್ಣು ನನ್ನ ಕಡೆ ಹೊರಳಿಸಿದಳು. "ಅವತ್ತ ನಿನಗ ಯಾರೂ ಬಡೀಲಿಲ್ಲೇನವ್ವ?"

"ಇಲ್ಲವ್ವಾ!" ಎಂದು ಕೂಗಿದೆ.

"ಅದಕ್ಕ ಇಷ್ಟು ವರ್ಷ ಹಿಡೀತು" ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಕಟ್ಟೆಯ ಮೇಲೆ ಕೈಯಾಡಿಸಿ ಕಪ್ಪು ಹುಡುಕಿ ನನ್ನ ಕಡೆ ತಳ್ಳಿದಳು. "ಆರತೈತಿ, ಕುಡಿ."

ಆರಿಯೇ ಹೋಗಿತ್ತು. ಅವರ ಮನೆಯಲ್ಲಿ ನಾನು ಕುಡಿದ ಮೊದಲ ಚಹಾ. ಒಂದು ಹನಿ ಬಿಡದೆ ಕುಡಿದೆ.

ನಾಗಮ್ಮ ಬಸ್ ಸ್ಟ್ಯಾಂಡಿನ ತನಕ ಬಂದಳು. ಸಿಂಧನೂರಿನ ಬಸ್ಸು ಬಂದಾಗ, "ಹತ್ತು ಲೇ, ಸೀಟು ಹಿಡಿ" ಎಂದು ಬೆನ್ನಿಗೆ ಕೈ ಕೊಟ್ಟು ಹತ್ತಿಸಿದಳು.

ಬಸ್ಸು ಮಸ್ಕಿ ದಾಟುವ ಹೊತ್ತಿಗೆ ಕಾವ್ಯಾಳ ಮೆಸೇಜು ಬಂತು. "ಟೀಚರ್, ಲಿಸ್ಟ್ ಆತೇನ್ರೀ?" ಹತ್ತು ಪಾಯಿಂಟ್ ಹುಟ್ಟುವಂತೆ ಕಾಣಲಿಲ್ಲ. ಬಸ್ಸಿನ ಕುಲುಕಾಟದಲ್ಲೇ ಬೆರಳಾಡಿಸಿ ಬರೆದು ಕಳಿಸಿದೆ:

ಉಗುರು ಕತ್ತರಿಸಿಕೊಂಡು ಬರ್ರಿ. ಬಳೆಗೆ ಕರವಸ್ತ್ರ ಕಟ್ರಿ. ಕಾಲು ನೋಡಬ್ಯಾಡ್ರಿ, ಜೋಡಿ ಮುಖ ನೋಡ್ರಿ. ಹೆಜ್ಜೆ ತಪ್ಪಿದರೆ ತಪ್ಪಿದ ಜಾಗದಾಗ ನಿಂತು ಅಲ್ಲೇ ಹೇಳ್ರಿ. ತಡ ಮಾಡಿದರೆ ಬಸ್ ಹತ್ತಿ ಹೋಗಿ ಒದರಿ ಹೇಳಬೇಕಾಗತೈತಿ.